ಕೈಗಡಿಯಾರದ ಹೊಸ ನೆಂಟಸ್ತಿಕೆ

‘ಫೋನು ಜೊತೆಯಲ್ಲಿಲ್ಲದಿದ್ದರೆ ಇದು ಕೆಲಸ ಮಾಡುತ್ತದೆಯೆ?’ ಸ್ಮಾರ್ಟ್‌ವಾಚು ಕೊಳ್ಳುವವರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳಲ್ಲಿ ಇದೊಂದು. ಫೋನನ್ನು ನೆಚ್ಚುವುದಕ್ಕೆ ಮೊದಲು ಈ ಬಗೆಯ ಗಡಿಯಾರ ಬೇರೆಯವರ ಆಸರೆಯನ್ನೂ ಹುಡುಕಿತ್ತು.

1994ರಲ್ಲಿ ಅಮೆರಿಕದ ಟೈಮೆಕ್ಸ್ ಕಂಪನಿಯವರು ಮೈಕ್ರೋಸಾಫ್ಟಿನವರೊಡನೆ ಕೂಡಿ ‘ಡೇಟಾಲಿಂಕ್’ ಎಂಬ ಗಡಿಯಾರವನ್ನು ತಂದರು. ಅದನ್ನು ಕಂಪ್ಯೂಟರಿನ ಮುಂದೆ ಹಿಡಿದರೆ, ಪರದೆಯ ಮೇಲೆ ಮಿನುಗುವ ಗೆರೆಗಳನ್ನು ಓದಿಕೊಂಡು ದೂರವಾಣಿ ಸಂಖ್ಯೆಗಳನ್ನು ನೆನಪಿಡುತ್ತಿತ್ತು. ಸೊಗಸಾದ ಉಪಾಯವೇ, ಆದರೆ ಚಪ್ಪಟೆ ಪರದೆಗಳಲ್ಲಿ ಈ ಮಿನುಗಾಟ ನಡೆಯಲಿಲ್ಲ.

ಬಾನುಲಿ ಕೇಳುಗರಿಗೆ ಹೆಚ್ಚು ರುಚಿಸುವುದು ಮುಂದಿನ ಪ್ರಯತ್ನ. 2004ರಲ್ಲಿ ಮೈಕ್ರೋಸಾಫ್ಟಿನ ‘ಸ್ಪಾಟ್’ ಗಡಿಯಾರಗಳು ಅಮೆರಿಕದಲ್ಲಿ ಮಾರಾಟಕ್ಕೆ ಬಂದವು. ಎಫ್.ಎಂ. ನಿಲಯ ಸಂಗೀತವನ್ನು ಪ್ರಸಾರಮಾಡುತ್ತಿರುವಾಗಲೇ, ಅದೇ ಅಲೆಯ ಬೆನ್ನೇರಿ, ಕಿವಿಗೆ ಕೇಳಿಸದಂತೆ, ಹವಾಮಾನ, ಸುದ್ದಿ, ಷೇರುಪೇಟೆಯ ಧಾರಣೆ ಮಣಿಕಟ್ಟಿಗೆ ಬರುತ್ತಿದ್ದವು. ಗಡಿಯಾರಕ್ಕೆ ಕೇಳಿಸಿಕೊಳ್ಳಲು ಬರುತ್ತಿತ್ತು, ಮರುನುಡಿಯಲು ಬರುತ್ತಿರಲಿಲ್ಲ. ನಮ್ಮ ಮನೆಯ ರೇಡಿಯೋದ ಹಾಗೆಯೇ. 2012ರ ಜನವರಿ 1ರಂದು ಆ ಪ್ರಸಾರ ನಿಂತಿತು. ಕೊಂಡವರ ಕೈಯಲ್ಲಿ ಗಡಿಯಾರ ಉಳಿಯಿತು, ಸುದ್ದಿ ಬರುವುದು ನಿಂತಿತು.

ಅದೇ ವರ್ಷ ‘ಪೆಬಲ್’ ಎಂಬ ಗಡಿಯಾರಕ್ಕಾಗಿ ಜನ ಒಂದು ಕೋಟಿ ಡಾಲರಿಗೂ ಮಿಕ್ಕಿ ಮುಂಗಡ ಹಣ ಕೊಟ್ಟರು. ಇದರ ಆಸರೆ ಜೇಬಿನ ಫೋನು. ನಡುವಣ ಸೇತುವೆ ಬ್ಲೂಟೂತ್. ಬ್ಲೂಟೂತೂ ರೇಡಿಯೋವೇ, ಆದರೆ ಬಹು ಮೆಲುದನಿಯದು. ಫೋನನ್ನು ಅಡುಗೆಮನೆಯಲ್ಲಿಟ್ಟು ತೋಟದ ಕೊನೆಗೆ ಹೋದರೆ ನಂಟು ಕಡಿಯುತ್ತದೆ. ಆಗಲೂ ವೇಳೆ ತೋರುತ್ತದೆ, ಹೆಜ್ಜೆಯೂ ಎಣಿಕೆಯಾಗುತ್ತದೆ; ಕರೆ, ಸಂದೇಶಗಳು ಮಾತ್ರ ಬಾರವು.

2015ರಲ್ಲಿ ಬಂದ ಆಪಲ್ ಗಡಿಯಾರದ ಬ್ಯಾಟರಿಗೆ ಕಂಪನಿಯೇ ಹೇಳಿದ ಆಯುಸ್ಸು 18 ಗಂಟೆ. ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರಕ್ಕೆ ದಿನವೂ ಕೀ ಕೊಟ್ಟವರಿಗೆ ಇದೇನೂ ಹೊಸ ಕಷ್ಟವಲ್ಲ! 2017ರಲ್ಲಿ ಅದಕ್ಕೆ ಸ್ವಂತ ಮೊಬೈಲ್ ಸಂಪರ್ಕವೂ ದೊರೆಯಿತು. ಆದರೂ ಮೊದಲು ಸಜ್ಜುಗೊಳಿಸಲು ಐಫೋನೇ ಬೇಕು. ಆಂಡ್ರಾಯ್ಡ್ ಫೋನಿನೊಡನೆ ಅದು ಕೂಡದು. 2021ರಿಂದೀಚಿನ ಸ್ಯಾಮ್ಸಂಗ್ ಗ್ಯಾಲಕ್ಸಿ ಗಡಿಯಾರಗಳು ಐಫೋನಿಗೆ ಒಗ್ಗುವುದಿಲ್ಲ. ಕೊಳ್ಳುವ ಮುನ್ನ ಜಾತಕ ಕೂಡಿಸಿ ನೋಡುವುದು ಅಗತ್ಯವೆನ್ನಿ.

ಪೆಬಲ್ ಕಂಪನಿ 2016ರಲ್ಲಿ ಮುಚ್ಚಿತು. 2018ರಲ್ಲಿ ಅದರ ಗಡಿಯಾರಗಳಿಗೆ ಸಿಗುತ್ತಿದ್ದ ಅಂತರ್ಜಾಲ ಸೇವೆಗಳೂ ನಿಂತವು. ಈ ಸಲ ಬಳಕೆದಾರರು ಸುಮ್ಮನಾಗಲಿಲ್ಲ. ‘ರೆಬಲ್’ ಎಂಬ ಕೂಟ ಕಟ್ಟಿಕೊಂಡು ಅದೇ ಸೇವೆಗಳನ್ನು ತಾವೇ ನಡೆಸತೊಡಗಿದರು.