ಮಂಜರಾಬಾದು ಸೀಮೆಯ ನೆಲದ ಹಕ್ಕು

ಹಾಸನ ಜಿಲ್ಲೆಯ ಪಡುವಣ ಭಾಗದಲ್ಲಿ, ಹೇಮಾವತೀ ನದಿಯ ಇಕ್ಕೆಲಗಳಲ್ಲಿ ಹರಡಿರುವ ಸಕಲೇಶಪುರ, ಆಲೂರು ತಾಲ್ಲೂಕುಗಳ ಬೆಟ್ಟದ ಸೀಮೆಯು ಹಿಂದೆ ಬಹುಮಟ್ಟಿಗೆ ಬಲಂ ಎಂಬ ಹೆಸರಿನಿಂದ ಐಗೂರು ನಾಯಕರ ಆಳಿಕೆಗೆ ಒಳಪಟ್ಟಿದ್ದಿತು. ಟೀಪೂ ಸುಲ್ತಾನನು 1792ರಲ್ಲಿ ಇಲ್ಲಿ ನಕ್ಷತ್ರದ ಆಕಾರದ ಕೋಟೆಯನ್ನು ಕಟ್ಟಿಸಿದ ತರುವಾಯ ಮಂಜರಾಬಾದು ಎಂಬ ಹೆಸರು ರೂಢಿಗೆ ಬಂದಿತು. ಶ್ರೀರಂಗಪಟ್ಟಣವು ಬಿದ್ದ ಮೂರು ವರ್ಷಕ್ಕೆ, 1802ರಲ್ಲಿ, ಕಡೆಯ ನಾಯಕನಾದ ವೆಂಕಟಾದ್ರಿಯು ಆಂಗ್ಲರ ಸೇನೆಗೆ ಸೆರೆಸಿಕ್ಕಿ ಗಲ್ಲಿಗೇರಿದನು. ಅರಸರ ಚರಿತ್ರೆಯು ಅಲ್ಲಿಗೆ ಮುಗಿಯಿತು. ನೆಲದ ಚರಿತ್ರೆಯು ಮುಗಿಯಲಿಲ್ಲ. ಈ ಬೆಟ್ಟ ಯಾರದು, ಈ ಸೊಪ್ಪು ಯಾರದು, ಈ ಹುಲ್ಲು ಯಾರದು ಎಂಬ ವಿವಾದಗಳು ತಹಶೀಲ್ದಾರರ ಕಚೇರಿಯ ಜಗುಲಿಯಲ್ಲಿ ಇಂದಿಗೂ ಕೇಳಿಬರುತ್ತಲೇ ಇವೆ.

ಮಲೆನಾಡಿನ ಒಕ್ಕಲುತನವನ್ನು ಬಯಲುಸೀಮೆಯ ಅಳತೆಗೋಲಿನಿಂದ ಅಳೆದರೆ ಅದರ ಮರ್ಮವು ತಿಳಿಯದು. ಇಲ್ಲಿ ಹಿಡುವಳಿಯೆಂದರೆ ಬರಿಯ ಗದ್ದೆಯಲ್ಲ. ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆ. ಅದರ ಮಗ್ಗುಲಲ್ಲಿ ಸೊಪ್ಪು ಕಡಿಯುವ ಬೆಟ್ಟ. ಅದರ ಮೇಲೆ ದನ ಮೇಯುವ ಹಂಕಲು. ಆಚೆಗೆ ಮೆಣಸಿನ ಬಳ್ಳಿ ಹಬ್ಬಿದ ಕಾನು. ನಡುವೆ ಯಾರೂ ಕೊಡಲಿ ಹಾಕದ ದೇವರ ಕಾಡು. ಇವೆಲ್ಲವೂ ಕೂಡಿದರೆ ಒಂದು ಒಕ್ಕಲು. ಮುಂಗಾರಿನ ಜಡಿಮಳೆಯು ಮಣ್ಣಿನ ಸಾರವನ್ನು ವರ್ಷವರ್ಷವೂ ತೊಳೆದುಕೊಂಡು ಹೋಗುತ್ತದೆ. ಬೆಟ್ಟದ ಸೊಪ್ಪನ್ನು ತಂದು ಕೊಟ್ಟಿಗೆಯಲ್ಲಿ ಹಾಸಿ, ದನ ತುಳಿದ ಆ ಗೊಬ್ಬರವನ್ನು ಗದ್ದೆಗೆ ಹೊರದಿದ್ದರೆ ಭತ್ತವು ಕಾಳುಗಟ್ಟದು. ಆದುದರಿಂದ ಗದ್ದೆಯ ಒಡೆತನವು ಒಬ್ಬನದಾಗಿದ್ದರೂ ಅದನ್ನು ಸಾಕುವ ಬೆಟ್ಟವು ಊರಿನದಾಗಿದ್ದಿತು. ಅದಕ್ಕೆ ಪತ್ರವಿರಲಿಲ್ಲ; ರೂಢಿಯೇ ಪತ್ರವಾಗಿದ್ದಿತು.

ನೆಲದ ಸ್ವಾಮ್ಯವನ್ನು ಕುರಿತು ಶಾಸ್ತ್ರಕಾರರೂ ವಿಚಾರಮಾಡದೆ ಬಿಟ್ಟಿಲ್ಲ. ಮರದ ಮೋಟುಗಳನ್ನು ಕಿತ್ತು ನೆಲವನ್ನು ಹಸನುಮಾಡಿದವನಿಗೆ ಹೊಲವು ಸಲ್ಲುವುದೆಂದು ಮನುವಿನ ಮತ. ಮೀಮಾಂಸಕರು ಇನ್ನೂ ಆಳಕ್ಕೆ ಹೋದರು. ವಿಶ್ವಜಿತ್ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಾನಮಾಡಬೇಕಷ್ಟೆ. ರಾಜನೇ ಯಜಮಾನನಾದರೆ ಭೂಮಿಯನ್ನೂ ಕೊಟ್ಟುಬಿಡಬಹುದೇ ಎಂಬ ಪ್ರಶ್ನೆಯನ್ನೆತ್ತಿ, ಕೂಡದು, ಭೂಮಿಯು ಎಲ್ಲರಿಗೂ ಸಾಧಾರಣವಾದುದು ಎಂದು ಜೈಮಿನಿಯ ಸೂತ್ರಗಳ ಸಂಪ್ರದಾಯದಲ್ಲಿ ನಿರ್ಣಯವಾಯಿತು. ಇವೆರಡಕ್ಕಿಂತಲೂ ಕುತೂಹಲಕರವಾದುದು ಎಲ್ಲೆಯ ವ್ಯಾಜ್ಯವನ್ನು ಕುರಿತ ವಿಧಿ. ಸಾಕ್ಷಿಗಳು ಕೆಂಪು ವಸ್ತ್ರವನ್ನುಟ್ಟು, ಮಾಲೆಯನ್ನು ಧರಿಸಿ, ತಲೆಯ ಮೇಲೆ ಮಣ್ಣನ್ನು ಹೊತ್ತು, ತಮ್ಮ ಪುಣ್ಯದ ಮೇಲೆ ಆಣೆಯಿಟ್ಟು ಎಲ್ಲೆಯನ್ನು ತೋರಿಸಬೇಕೆಂದು ಸ್ಮೃತಿಯು ವಿಧಿಸುತ್ತದೆ. ಊರಿನ ಸಾಕ್ಷಿಗಳು ದೊರೆಯದಿದ್ದರೆ ಬೇಡರನ್ನೂ ಗೋವಳರನ್ನೂ ಮೀನು ಹಿಡಿಯುವವರನ್ನೂ ಗೆಡ್ಡೆಗೆಣಸು ಅಗೆಯುವವರನ್ನೂ ಹಾವು ಹಿಡಿಯುವವರನ್ನೂ ಕೇಳಬೇಕಂತೆ. ಹೊಲವಿಲ್ಲದವನೇ ಹೊಲಗಳ ನಡುವೆ ನಿತ್ಯವೂ ನಡೆದಾಡುವವನು. ಎಲ್ಲೆಯು ಅವನ ಕಾಲಿಗೆ ಗೊತ್ತು ಎಂಬ ತಿಳಿವು ಈ ವಿಧಿಯಲ್ಲಿದೆ.

ಗ್ರಂಥದಲ್ಲಿ ಕಾಣುವ ಈ ವಿಧಿಗೆ ಸಮೀಪವಾದ ಆಚಾರವೊಂದು ಮೈಸೂರು ಸೀಮೆಯ ಹಳ್ಳಿಗಳಲ್ಲಿ ಬಹುಕಾಲ ಬದುಕಿದ್ದಿತು. ಮೈಸೂರಿನಲ್ಲಿ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಮೆಕೆಂಜಿ ಎಂಬಾತನು 1873ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇದನ್ನು ವರ್ಣಿಸಿದನು. ಎರಡು ಊರುಗಳಿಗೆ ಎಲ್ಲೆಯ ವಿವಾದ ಬಂದರೆ ಹೊಲಗೇರಿಯ ಕುಳುವಾಡಿಯು ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲಿಟ್ಟುಕೊಂಡು ಎಲ್ಲೆಯುದ್ದಕ್ಕೂ ನಡೆಯುವನು. ಸರಿಯಾದ ಜಾಡಿನಲ್ಲಿ ನಡೆದರೆ ಬಾಧಕವಿಲ್ಲ. ಅರಿಯದೆ ತಪ್ಪಿದರೂ ಉಂಡೆಯು ತಾನಾಗಿ ಒಡೆಯುವುದೆಂದೂ, ಕುಳುವಾಡಿಯು ಹದಿನೈದು ದಿನಗಳೊಳಗೆ ಸಾಯುವನೆಂದೂ ಜನರ ನಂಬಿಕೆ. ಎರಡು ಊರ ಕುಳುವಾಡಿಗಳೂ ಒಪ್ಪಿದ ಮೇಲೆ ಉಳಿದವರಿಗೆ ಮಾತಿಲ್ಲ. ಊರಿನ ಎಲ್ಲೆಯೊಳಗೆ ಸತ್ತ ದನದ ಚರ್ಮವು ಕುಳುವಾಡಿಗೆ ಸಲ್ಲುತ್ತಿದ್ದುದರಿಂದ, ಯಾವ ಜಾಗದ ಚರ್ಮವನ್ನು ಯಾವ ಊರಿನವನು ಕೊಂಡೊಯ್ದನೆಂಬುದೂ ಸಾಕ್ಷ್ಯವಾಗುತ್ತಿದ್ದಿತು.

ಊರಿನ ನೆಲಕ್ಕೆ ತನ್ನ ಪ್ರಾಣವನ್ನೇ ಒತ್ತೆಯಿಟ್ಟು ಸಾಕ್ಷಿ ನುಡಿಯುತ್ತಿದ್ದ ಈತನ ಸ್ವಂತ ಸ್ಥಿತಿಯಾದರೋ ಬೇರೆ. ಮಲೆನಾಡಿನಲ್ಲಿ ಅವನ ಕುಲದವರನ್ನು ಹುಟ್ಟಾಳು, ಮಣ್ಣಾಳು ಎಂದು ಎರಡು ಬಗೆಯಾಗಿ ಕರೆಯುತ್ತಿದ್ದರು. ಹುಟ್ಟಾಳು ಒಡೆಯನ ಮನೆಗೆ ಹುಟ್ಟಿನಿಂದಲೇ ಕಟ್ಟುಬಿದ್ದವನು; ಮಣ್ಣಾಳು ಮಣ್ಣಿಗೆ ಕಟ್ಟುಬಿದ್ದವನು, ಜಮೀನು ಮಾರಿದರೆ ಅದರೊಡನೆ ಕೈಬದಲಾಗುವವನು. ನೆಲವು ಅವನದಾಗಿರಲಿಲ್ಲ, ಅವನೇ ನೆಲದವನಾಗಿದ್ದನು. ಹಳೆಯ ರೂಢಿಯನ್ನು ಹೊಗಳುವವರು ಈ ಸಂಗತಿಯನ್ನು ಮರೆಯಲಾಗದು. ಬೆಟ್ಟವು ಊರಿನದು ಎಂಬ ಮಾತಿನಲ್ಲಿ ಊರು ಎಂದರೆ ಯಾರು ಎಂಬ ಪ್ರಶ್ನೆಯು ಎಂದಿನಿಂದಲೂ ಅಡಗಿಯೇ ಇದ್ದಿತು.

ಈ ಬಾಯಿಮಾತಿನ ವ್ಯವಸ್ಥೆಗೆ ಬರಹವು ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. 1831ರಲ್ಲಿ ಮೈಸೂರಿನ ಆಡಳಿತವು ಆಂಗ್ಲ ಕಮೀಷನರುಗಳ ಕೈಗೆ ಹೋಯಿತು. 1860ರ ದಶಕದಲ್ಲಿ ಮುಂಬಯಿಯ ಪದ್ಧತಿಯನ್ನನುಸರಿಸಿ ಸರ್ವೆ ಮತ್ತು ಬಂದೋಬಸ್ತಿನ ಕೆಲಸವು ಮೊದಲಾಯಿತು. 1864ರಲ್ಲಿ ಅರಣ್ಯ ಇಲಾಖೆಯು ಸ್ಥಾಪಿತವಾಯಿತು. 1888ರಲ್ಲಿ ಭೂಕಂದಾಯದ ಕಾನೂನು ಬಂದಿತು. ಸರಪಣಿಯನ್ನೆಳೆದು, ಕಲ್ಲು ನೆಟ್ಟು, ಪ್ರತಿಯೊಂದು ಗದ್ದೆಗೂ ನಂಬರನ್ನೂ ಕಂದಾಯವನ್ನೂ ಒಬ್ಬ ಖಾತೆದಾರನನ್ನೂ ಗೊತ್ತುಮಾಡಿದರು. ಇದರಿಂದ ರೈತನಿಗೆ ಅನುಕೂಲವಾಗಲಿಲ್ಲವೆಂದು ಹೇಳಲಾಗದು. ಪಟೇಲನ ಮರ್ಜಿಯ ಬದಲಾಗಿ ಅವನ ಕೈಗೆ ಒಂದು ಕಾಗದವು ಬಂದಿತು. ಆದರೆ ಕಂದಾಯವನ್ನು ಕೊಡದ ನೆಲಕ್ಕೆ ಆ ಪುಸ್ತಕದಲ್ಲಿ ಒಡೆಯನಿರಲಿಲ್ಲ. ಸೊಪ್ಪಿನ ಬೆಟ್ಟವೂ ಹಂಕಲೂ ಕಾನೂ ಖರಾಬು ಎಂದೋ ಸರ್ಕಾರಿ ಎಂದೋ ಅರಣ್ಯವೆಂದೋ ಬರೆಯಲ್ಪಟ್ಟವು. ಒಂದೇ ದೇಹವಾಗಿದ್ದ ಒಕ್ಕಲು ಕಾಗದದ ಮೇಲೆ ಎರಡಾಯಿತು: ಗದ್ದೆಯು ಹಕ್ಕು, ಬೆಟ್ಟವು ಸವಲತ್ತು.

ಅದೇ ಕಾಲದಲ್ಲಿ ಬೆಟ್ಟಕ್ಕೆ ಹೊಸ ಬೆಲೆಯು ಬಂದಿತು. 1843ರಲ್ಲಿ ಗ್ರೀನ್ ಎಂಬ ಆಂಗ್ಲನು ದಕ್ಷಿಣ ಮಂಜರಾಬಾದಿನಲ್ಲಿ ಕಾಫಿ ತೋಟವನ್ನು ಆರಂಭಿಸಿದನು. ಆತನ ಹಿಂದೆ ಇತರ ದೊರೆಗಳೂ, ಅವರನ್ನು ನೋಡಿ ಸ್ಥಳೀಯ ಗೌಡರೂ ಬೆಟ್ಟದ ನೆರಳಿನಲ್ಲಿ ಕಾಫಿ ಗಿಡಗಳನ್ನು ನೆಟ್ಟರು. ಸರ್ಕಾರವು ಮೊದಲು ಬೆಳೆಯಲ್ಲಿ ಪಾಲನ್ನೂ, ತರುವಾಯ ಮಣಕ್ಕೆ ಇಂತಿಷ್ಟೆಂದು ‘ಹಾಲತ್’ ಎಂಬ ಸುಂಕವನ್ನೂ, ಕಡೆಗೆ ಎಕರೆಯ ಮೇಲೆ ಕಂದಾಯವನ್ನೂ ತೆಗೆದುಕೊಂಡಿತು. ಮಂಜರಾಬಾದಿನಲ್ಲಿ ನೆಲಸಿದ್ದ ರಾಬರ್ಟ್ ಎಲಿಯಟ್ ಎಂಬ ತೋಟಗಾರನು ಈ ಸೀಮೆಯ ಕಾಫಿಯ ವಿಚಾರವಾಗಿ 1871ರಲ್ಲಿಯೂ 1894ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದನು. ಕಾಫಿಗೆ ನೆರಳು ಬೇಕಾದುದರಿಂದ ಮರಗಳು ಬಹುಮಟ್ಟಿಗೆ ಉಳಿದವು. ಆದರೆ ಮರಗಳ ಕೆಳಗಿನ ದಾರಿಗೆ ಬೇಲಿ ಬಿದ್ದಿತು. ತೋಟಗಳ ದಿನಗೂಲಿಯು ಹುಟ್ಟಾಳು ಮಣ್ಣಾಳುಗಳ ಕಟ್ಟನ್ನು ಸಡಿಲಿಸಿತೆಂಬುದನ್ನೂ ಇಲ್ಲಿ ನ್ಯಾಯವಾಗಿ ಒಪ್ಪಬೇಕು. ಕೈಗೆ ಕಾಸು ಬಂದಿತು, ನೆಲವು ಬರಲಿಲ್ಲ.

ಸ್ವಾತಂತ್ರ್ಯಾನಂತರದ ಶಾಸನಗಳು ಈ ಲೆಕ್ಕವನ್ನು ಸರಿಪಡಿಸಲು ಯತ್ನಿಸಿದವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿ, ಹುದ್ದೆಯ ಜಮೀನನ್ನು ಅನುಭವಿಸುತ್ತಿದ್ದವರಿಗೆ ಮರುಮಂಜೂರು ಮಾಡಲು ದಾರಿಮಾಡಿತು. 1964ರ ಭೂಕಂದಾಯ ಕಾಯಿದೆಯ 79ನೆಯ ಪ್ರಕರಣವು ಮೈಸೂರು ಪ್ರಾಂತದ ಕಾನು ಮತ್ತು ಸೊಪ್ಪಿನ ಬೆಟ್ಟಗಳ ಸವಲತ್ತುಗಳು ರೂಢಿಯಂತೆ ಮುಂದುವರಿಯತಕ್ಕದ್ದೆಂದು ಹೇಳಿತು. ನೂರು ದನಗಳಿಗೆ 12 ಹೆಕ್ಟೇರಿನಂತೆ ಗೋಮಾಳವನ್ನು ಬಿಡಬೇಕೆಂದು ನಿಯಮವಾಯಿತು. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು, ದೇವರಾಜ ಅರಸರ ಕಾಲದಲ್ಲಿ, ಗೇಣಿದಾರನನ್ನೇ ಗದ್ದೆಯ ಒಡೆಯನನ್ನಾಗಿ ಮಾಡಿತು. ಇದು ಸಾಮಾನ್ಯ ಕಾರ್ಯವಲ್ಲ. ಆದರೆ ಕಾಫಿ, ಏಲಕ್ಕಿ, ಮೆಣಸುಗಳ ತೋಟಗಳಿಗೆ ಆ ಕಾಯಿದೆಯ ಭೂಮಿತಿಯು ಅನ್ವಯಿಸಲಿಲ್ಲ. ತೋಟದ ಲೈನುಮನೆಯಲ್ಲಿ ತಲೆಮಾರುಗಳನ್ನು ಕಳೆದ ಕೂಲಿಯು ಗೇಣಿದಾರನೂ ಆಗಿರಲಿಲ್ಲ. 1951ರ ತೋಟಗಾರಿಕೆ ಕಾರ್ಮಿಕರ ಕಾಯಿದೆಯು ಅವನಿಗೆ ವಸತಿಯನ್ನು ಕೊಡಿಸಿತು. ಕೆಲಸವು ಹೋದರೆ ಆ ಸೂರೂ ಹೋಗುವಂತಹುದು.

ಇತ್ತ ಊರಿನ ಬೆಟ್ಟವಾದರೋ ಕರಗುತ್ತಲೇ ಬಂದಿತು. ಕಾಫಿಗೆ ಬೆಲೆಯೇರಿದಾಗಲೆಲ್ಲ ಸೊಪ್ಪಿನ ಬೆಟ್ಟದೊಳಕ್ಕೂ ಗೋಮಾಳದೊಳಕ್ಕೂ ಗಿಡಗಳು ನಡೆದು ಬಂದವು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾದಾಗ ನದಿಯ ಬಳಿಯ ಗದ್ದೆಗಳೂ ಊರುಗಳೂ ಮುಳುಗಿದವು. ಪಹಣಿಯಲ್ಲಿ ಹೆಸರಿದ್ದವನ ಪರಿಹಾರವನ್ನು ಲೆಕ್ಕಹಾಕುವುದು ಸುಲಭ. ಹುಲ್ಲಿಗೂ ಸೌದೆಗೂ ಹೋಗಿಬರುತ್ತಿದ್ದವನ ನಷ್ಟವನ್ನು ಯಾವ ಅಂಕಣದಲ್ಲಿ ಬರೆಯಬೇಕು? ಮುಂದೆ 1991ರ ತಿದ್ದುಪಡಿಯಿಂದ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸುವ ಮಾರ್ಗವು ತೆರೆಯಿತು. ಇತ್ತೀಚಿನ ವರ್ಷಗಳಲ್ಲಿ ತೋಟದ ಬೆಳೆಯಿರುವ ಒತ್ತುವರಿ ಜಮೀನನ್ನು 25 ಎಕರೆಯವರೆಗೆ 30 ವರ್ಷಗಳ ಗುತ್ತಿಗೆಗೆ ಕೊಡುವುದಕ್ಕೂ ಅವಕಾಶವಾಗಿದೆ. ಎರಡೆಕರೆಯ ಬಡವನ ಅರ್ಜಿಯೂ ಇಪ್ಪತ್ತೈದೆಕರೆಯವನ ಅರ್ಜಿಯೂ ಒತ್ತುವರಿಯೆಂಬ ಒಂದೇ ಮಾತಿನ ಕೆಳಗೆ ಬರುವುದಾದರೂ ಎರಡರ ಹಿಂದಿರುವ ಹಸಿವು ಒಂದೇ ಅಲ್ಲ.

ಮಂಜರಾಬಾದಿನಲ್ಲಿ ನಡೆದುದು ಲೋಕದಲ್ಲಿ ಅಪೂರ್ವವೇನೂ ಅಲ್ಲ. ಇಂಗ್ಲೆಂಡಿನಲ್ಲಿಯೇ ಊರೊಟ್ಟಿನ ಹುಲ್ಲುಗಾವಲುಗಳಿಗೆ ಪಾರ್ಲಿಮೆಂಟಿನ ಕಾಯಿದೆಗಳಿಂದ ಬೇಲಿ ಹಾಕಿದ್ದರಿಂದ ಬಡ ಒಕ್ಕಲು ದನಕರುಗಳನ್ನು ಕಳೆದುಕೊಂಡು ಕೂಲಿಯಾದನು. ರೂಢಿಯ ಹಕ್ಕೂ ಹಕ್ಕೇ ಎಂಬ ಮಾತನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘವು ಪ್ರಕಟಿಸಿದ ಭೂಸ್ವಾಮ್ಯದ ಮಾರ್ಗಸೂತ್ರಗಳು 2012ರಲ್ಲಿ ಎತ್ತಿಹಿಡಿದವು. ಭಾರತದಲ್ಲಿ 2006ರ ಅರಣ್ಯ ಹಕ್ಕುಗಳ ಕಾಯಿದೆಯು ಅದಕ್ಕೂ ಮುಂಚೆಯೇ ಈ ದಾರಿಯನ್ನು ಹಿಡಿದಿದ್ದಿತು. ಬುಡಕಟ್ಟಿನವರಲ್ಲದ ಕಾಡಿನ ನಿವಾಸಿಯು 75 ವರ್ಷಗಳ ವಾಸವನ್ನು ತೋರಿಸಬೇಕೆಂಬ ಅದರ ನಿಬಂಧನೆಯು ಕಠಿನವಾದುದೇ ಸರಿ. ಆದರೆ ಅದರ ನಿಯಮಗಳಲ್ಲಿ ಒಂದು ಸಣ್ಣ ಮಾತುಂಟು: ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಪುರಾವೆಯಾಗಿ ಸ್ವೀಕರಿಸಬಹುದು.

ತಲೆಯ ಮೇಲೆ ಮಣ್ಣನ್ನು ಹೊತ್ತು ನಡೆದವನ ಮಾತನ್ನು ಸರ್ವೆಯ ಸರಪಣಿಯು ಬದಿಗೆ ತಳ್ಳಿತು; ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಕಾನೂನು ಮತ್ತೆ ಹಿರಿಯರ ಬಾಯಿಗೆ ಕಿವಿಗೊಡಲು ಒಪ್ಪಿದೆ. ಆದರೆ ಈ ಕಣಿವೆ ಯಾರ ಗದ್ದೆ, ಈ ದಾರಿ ಎಲ್ಲಿಗೆ ಹೋಗುತ್ತಿದ್ದಿತು, ಈ ಬೆಟ್ಟದಲ್ಲಿ ಯಾರು ಸೊಪ್ಪು ಕಡಿಯುತ್ತಿದ್ದರು ಎಂದು ಹೇಳಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಗದ್ದೆಗಳೂ ಹಲವೆಡೆ ಬೀಳುಬಿದ್ದಿವೆ. ಊರೂರಿನ ಎಲ್ಲೆಯನ್ನೂ ಕಾನನ್ನೂ ದೇವರ ಕಾಡನ್ನೂ ಅವರ ಬಾಯಿಂದ ಕೇಳಿ ಬರೆದಿಡುವುದು ಗ್ರಾಮಸಭೆಗಳ ಕರ್ತವ್ಯ. ಹಾಗೆ ಬರೆಯುವಾಗ ಮೊದಲು ಕೇಳಬೇಕಾದುದು ಖಾತೆದಾರನನ್ನಲ್ಲ, ಖಾತೆಯೇ ಇಲ್ಲದೆ ಆ ಎಲ್ಲೆಯನ್ನು ಕಾದವನ ಮೊಮ್ಮಕ್ಕಳನ್ನು. ಬರೆದುದರಲ್ಲಿ ಅವರಿಗೂ ಒಂದು ಪಾಲು ಇರತಕ್ಕದ್ದು.