ವಿಷದ ಕೆಸರಿಗೂ ಒಂದು ರಹದಾರಿ

ಹೊಸೂರು ರಸ್ತೆ ಬಿಟ್ಟು ಬೊಮ್ಮನಹಳ್ಳಿ, ಹೊಂಗಸಂದ್ರ, ಗಾರ್ವೇಭಾವಿಪಾಳ್ಯದ ಗಲ್ಲಿಗಳಿಗೆ ಕಾಲಿಟ್ಟರೆ ಸಾಲುಮನೆಗಳ ಮುಂದೆ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಕಣ್ಣಿಗೆ ಬೀಳುತ್ತವೆ. ನೀರು ಬಂದ ದಿನ ತುಂಬಿಟ್ಟುಕೊಳ್ಳಲು ಬಾಡಿಗೆ ಮನೆಯವರಿಗೆ ಇದಕ್ಕಿಂತ ಅಗ್ಗದ ಸಾಧನ ಇನ್ನೊಂದಿಲ್ಲ. ಗುಜರಿ ಅಂಗಡಿಯಲ್ಲಿ ಸಿಗುತ್ತದೆ, ತುಕ್ಕು ಹಿಡಿಯುವುದಿಲ್ಲ, ಬಿದ್ದರೂ ಒಡೆಯುವುದಿಲ್ಲ. ಆದರೆ ಈ ಡ್ರಮ್ಮು ಮನೆಗೆ ಬರುವ ಮುನ್ನ ಏನನ್ನು ಹೊತ್ತಿತ್ತು? ಹಣ್ಣಿನ ರಸವೋ ಅಡುಗೆ ಎಣ್ಣೆಯೋ ಇದ್ದಿರಬಹುದು. ಆಮ್ಲವೋ, ಬಣ್ಣದ ರಾಸಾಯನಿಕವೋ ಇದ್ದಿರಲೂಬಹುದು. ಎರಡನೆಯದಾಗಿದ್ದರೆ ಆ ಖಾಲಿ ಡ್ರಮ್ಮು ಕಾನೂನಿನ ಕಣ್ಣಿನಲ್ಲಿ ಡ್ರಮ್ಮೇ ಅಲ್ಲ, ‘ಅಪಾಯಕಾರಿ ತ್ಯಾಜ್ಯ’. ಕೇಂದ್ರ ಸರ್ಕಾರದ ನಿಯಮಾವಳಿಯ ಮೊದಲ ಅನುಸೂಚಿಯಲ್ಲಿ ಅದಕ್ಕೆ 33.1 ಎಂಬ ಸಂಖ್ಯೆಯೂ ಇದೆ.

ಪಕ್ಕದ 33.2 ಇನ್ನೂ ಸ್ವಾರಸ್ಯಕರ. ಅದು ವರ್ಕ್‌ಶಾಪಿನಲ್ಲಿ ಕೈ ಮತ್ತು ಯಂತ್ರ ಒರೆಸಿ ಬಿಸಾಡುವ, ನಮ್ಮವರು ‘ಕಾಟನ್ ವೇಸ್ಟ್’ ಎನ್ನುವ ಹತ್ತಿಯ ಚಿಂದಿ. ಅಂಥ ಚಿಂದಿಗೆ ರಾಸಾಯನಿಕ ಹತ್ತಿದ್ದರೆ ಅದನ್ನೂ ಕಸದ ಗಾಡಿಗೆ ಹಾಕುವಂತಿಲ್ಲ. ಯಂತ್ರಗಳಿಂದ ಹೊರತೆಗೆದ ಹಳೆಯ ಎಣ್ಣೆ 5.1. ಲೋಹಕ್ಕೆ ಹೊಳಪು ಕೊಡುವ ಪ್ಲೇಟಿಂಗ್ ಕೆಲಸದ ಕೆಸರು 12ನೆಯ ಸಾಲಿಗೆ ಸೇರಿದ್ದು. ಅಪಾಯಕಾರಿ ತ್ಯಾಜ್ಯವೆಂದರೆ ಹೊಗೆ ಉಗುಳುವ ಭಾರಿ ಕಾರ್ಖಾನೆಗಳ ವಿಚಾರ ಎಂದು ತಿಳಿದವರಿಗೆ ಇದು ಸೋಜಿಗವೆನಿಸಬಹುದು. ಗಾಜಿನ ಗೋಡೆಯ ಸಾಫ್ಟ್‌ವೇರ್ ಕಚೇರಿಗಳಿಗೂ ಇದರಿಂದ ಬಿಡುಗಡೆಯಿಲ್ಲ. ಕರೆಂಟು ಹೋದಾಗ ಗುಡುಗುಡು ಎನ್ನುವ ಡೀಸೆಲ್ ಜನರೇಟರ್ ನೆಲಮಾಳಿಗೆಯಲ್ಲಿದ್ದರೆ, ಅದರ ಎಣ್ಣೆ ಬದಲಿಸಿದ ದಿನ ಆ ಕಚೇರಿಯೂ ಅಪಾಯಕಾರಿ ತ್ಯಾಜ್ಯದ ಉತ್ಪಾದಕನೇ. ದೊಡ್ಡ ಅಪಾರ್ಟ್‌ಮೆಂಟುಗಳ ಕತೆಯೂ ಅದೇ.

ಇಂಥ ವಸ್ತುಗಳಿಗೆ ಸರ್ಕಾರ ಪರವಾನಗಿ ಕೇಳಲು ಆರಂಭಿಸಿದ್ದು ಯಾವಾಗ? ನಮ್ಮ ಊರುಗಳಲ್ಲಿ ಹಳೆಯದೆಂದರೆ ಪುರಸಭೆಯ ಲೈಸೆನ್ಸು. ಚರ್ಮ ಹದ ಮಾಡುವುದು, ಸುಣ್ಣ ಸುಡುವುದು, ಮೂಳೆ ಬೇಯಿಸುವುದು ಮುಂತಾದ ‘ಅಹಿತಕರ’ ಕಸುಬುಗಳಿಗೆ ಪುರಸಭೆಯ ಅಪ್ಪಣೆ ಬೇಕೆಂಬುದು ಬ್ರಿಟಿಷರ ಕಾಲದ ಪದ್ಧತಿ. 1976ರ ಕರ್ನಾಟಕ ಮಹಾನಗರಪಾಲಿಕೆಗಳ ಕಾಯಿದೆಯಲ್ಲೂ ಅದು ಉಳಿದುಕೊಂಡಿತು. ಈ ಲೈಸೆನ್ಸು ನೋಡುತ್ತಿದ್ದುದು ಪ್ರಧಾನವಾಗಿ ನೆರೆಹೊರೆಯವರ ಮೂಗು ಮತ್ತು ಬೆಂಕಿಯ ಭಯವನ್ನು. ಕಣ್ಣಿಗೆ ಕಾಣದೆ, ವಾಸನೆ ಬಾರದೆ, ನೆಲಕ್ಕಿಳಿದು ಇಪ್ಪತ್ತು ವರ್ಷದ ಮೇಲೆ ಬೋರ್‌ವೆಲ್ಲಿನಲ್ಲಿ ಮೇಲೇಳುವ ವಿಷದ ಕಲ್ಪನೆ ಅದಕ್ಕಿರಲಿಲ್ಲ.

ನಿಜವಾದ ತಿರುವು 1974ರದ್ದು. ಆ ವರ್ಷದ ಮಾರ್ಚಿಯಲ್ಲಿ ಸಂಸತ್ತು ಜಲಮಾಲಿನ್ಯ ತಡೆ ಕಾಯಿದೆ ಮಾಡಿದಾಗ, ಅದು ಮೊದಲ ದಿನದಿಂದಲೇ ಜಾರಿಯಾದ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ಸೆಪ್ಟೆಂಬರ್ 21ರಂದು ರಾಜ್ಯದ ಮಂಡಳಿ ಹುಟ್ಟಿತು. ಆಗ ಅದು ನೀರಿನ ಮಾಲಿನ್ಯಕ್ಕಷ್ಟೇ ಮೀಸಲಾಗಿತ್ತು. 1981ರ ವಾಯು ಕಾಯಿದೆಯ ನಂತರ ಗಾಳಿಯ ಹೊಣೆಯೂ ಸೇರಿ ಇಂದಿನ ಮಾಲಿನ್ಯ ನಿಯಂತ್ರಣ ಮಂಡಳಿಯಾಯಿತು. ಮಂಡಳಿಯ ‘ಸಮ್ಮತಿ’ಯಿಲ್ಲದೆ ಕೊಳಕು ನೀರನ್ನು ಮೋರಿಗೆ, ಕೆರೆಗೆ, ಹೊಳೆಗೆ ಬಿಡಕೂಡದು ಎಂದಾಯಿತು. ಎಲೆಕ್ಟ್ರಾನಿಕ್ ಸಿಟಿಗೆ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನಲ್ಲಿ 332 ಎಕರೆ ಗುರುತಿಸಿದ್ದು 1978ರಲ್ಲಿ. ಪೀಣ್ಯದ ಕೈಗಾರಿಕಾ ಬಡಾವಣೆಗಳು ಬೆಳೆದದ್ದೂ ಆ ಕಾಲದ ಆಸುಪಾಸಿನಲ್ಲಿಯೇ. ಹೀಗೆ ಬೆಂಗಳೂರಿನ ಹೊರವಲಯದ ಕೈಗಾರಿಕೆಗಳು ಮತ್ತು ಅವುಗಳನ್ನು ಕಾಯಬೇಕಾದ ಮಂಡಳಿ, ಹೆಚ್ಚುಕಡಿಮೆ ಓರಗೆಯವರು.

ಇಲ್ಲೊಂದು ವಿಪರ್ಯಾಸವಿದೆ. ಅದನ್ನು ಅರಿಯಲು ಪ್ಲೇಟಿಂಗ್ ಶೆಡ್ಡಿನೊಳಕ್ಕೆ ಹೋಗಬೇಕು. ಕ್ರೋಮಿಯಂ ತೊಟ್ಟಿಯಲ್ಲಿ ಅದ್ದಿ ತೆಗೆದ ಬಿಡಿಭಾಗವನ್ನು ನೀರಿನಲ್ಲಿ ತೊಳೆಯುತ್ತಾರೆ. ತೊಳೆದ ನೀರು ಹಳದಿಗಟ್ಟುತ್ತದೆ. ಕ್ಯಾನ್ಸರ್ ತರಬಲ್ಲ ಆರು ವೇಲೆನ್ಸಿಯ ಕ್ರೋಮಿಯಂ ಅದರಲ್ಲಿರುತ್ತದೆ. ಈ ನೀರನ್ನು ಹಾಗೆಯೇ ಮೋರಿಗೆ ಬಿಡುವಂತಿಲ್ಲ ಎಂದು ಸಮ್ಮತಿ ಪತ್ರ ಹೇಳುತ್ತದೆ. ಸರಿ, ಬೈಸಲ್ಫೈಟ್ ಹಾಕಿ ಕ್ರೋಮಿಯಂನ ಉಗ್ರತೆ ಇಳಿಸುತ್ತಾರೆ, ಆಮೇಲೆ ಸುಣ್ಣ ಹಾಕುತ್ತಾರೆ. ಕ್ರೋಮಿಯಂ ನೀರನ್ನು ಬಿಟ್ಟು ಹಸಿರು ಗಸಿಯಾಗಿ ತಳ ಸೇರುತ್ತದೆ. ಮೇಲಿನ ನೀರು ತಿಳಿ. ಜಲ ಕಾಯಿದೆಗೆ ಸಮಾಧಾನ. ಆದರೆ ತಳದಲ್ಲಿ ಉಳಿದ ಆ ಗಸಿ? ನೀರಿನಲ್ಲಿದ್ದ ಲೋಹವೆಲ್ಲ ಈಗ ಅದರಲ್ಲಿದೆ. ನೀರನ್ನು ಎಷ್ಟು ಶ್ರದ್ಧೆಯಿಂದ ಶುದ್ಧಮಾಡಿದರೆ ಕೆಸರು ಅಷ್ಟು ಹೆಚ್ಚು. ಶುದ್ಧೀಕರಣವೆಂದರೆ ವಿಷದ ನಾಶವಲ್ಲ, ವಿಷದ ಸ್ಥಳಾಂತರ. ಕೆಸರಿನ ಮುಂದಿನ ಗತಿ ಏನೆಂದು ಜಲ ಕಾಯಿದೆಯ ಸಮ್ಮತಿ ವಿವರವಾಗಿ ವಿಚಾರಿಸುತ್ತಿರಲಿಲ್ಲ.

ಇಂಗ್ಲೆಂಡಿಗೆ ಈ ಪಾಠ ನೂರು ವರ್ಷ ಮೊದಲೇ ಸಿಕ್ಕಿತ್ತು. ಸೋಡಾ ಕಾರ್ಖಾನೆಗಳ ಆಮ್ಲದ ಹೊಗೆಯಲ್ಲಿ ನೂರಕ್ಕೆ 95 ಪಾಲನ್ನು ಹಿಡಿದಿಡಬೇಕೆಂದು 1863ರಲ್ಲಿ ಅಲ್ಲಿ ಕಾಯಿದೆ ಬಂತು. ಹೊಗೆ ನಿಂತಿತು, ಹಿಡಿದ ಆಮ್ಲ ನದಿಗೆ ಹರಿಯಿತು. ಆದರೂ ಘನತ್ಯಾಜ್ಯಕ್ಕೆಂದು ಪ್ರತ್ಯೇಕ ಕಾನೂನು ಮಾಡಲು ಅವರು 1972ರವರೆಗೆ ಕಾದರು. ಆ ವರ್ಷ ನನೀಟನ್ ಪಟ್ಟಣದ ಬಳಿ, ಮಕ್ಕಳು ಆಟವಾಡುತ್ತಿದ್ದ ಪಾಳು ಇಟ್ಟಿಗೆ ಗೂಡಿನ ಜಾಗದಲ್ಲಿ ಸೈನೈಡ್ ತುಂಬಿದ ಡ್ರಮ್ಮುಗಳು ಸಿಕ್ಕವು. ಕೆಲವೇ ವಾರಗಳಲ್ಲಿ ಬ್ರಿಟನ್ನಿನ ಸಂಸತ್ತು ವಿಷತ್ಯಾಜ್ಯ ಕಾಯಿದೆಗೆ ಒಪ್ಪಿಗೆ ಕೊಟ್ಟಿತು. ಮಕ್ಕಳ ವಿಷಯ ಬಂದಾಗ ಸಂಸತ್ತುಗಳಿಗೂ ಓಡಲು ಬರುತ್ತದೆ! ಅಮೆರಿಕ 1976ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ತ್ಯಾಜ್ಯದ ಜಾಡನ್ನು ಆದಿಯಿಂದ ಅಂತ್ಯದವರೆಗೆ, ನಮ್ಮ ಮಾತಿನಲ್ಲಿ ಹೇಳುವುದಾದರೆ ಹುಟ್ಟಿನಿಂದ ಚಟ್ಟದವರೆಗೆ, ಕಾಗದದ ಮೇಲೆ ಹಿಡಿಯಬೇಕೆಂಬ ಪದ್ಧತಿ ತಂದಿತು. ಅದರ ಅಗತ್ಯವೆಷ್ಟು ಎಂಬುದು ಎರಡೇ ವರ್ಷದಲ್ಲಿ ತಿಳಿಯಿತು. ನಯಾಗರ ಜಲಪಾತದ ಊರಿನ ಲವ್ ಕೆನಾಲ್ ಎಂಬಲ್ಲಿ ರಾಸಾಯನಿಕ ಕಂಪೆನಿಯೊಂದು ತ್ಯಾಜ್ಯ ಹೂತು, ಮೇಲೆ ಮಣ್ಣು ಮುಚ್ಚಿ, 1953ರಲ್ಲಿ ಆ ಜಾಗವನ್ನು ಒಂದು ಡಾಲರಿಗೆ ಶಾಲಾ ಮಂಡಳಿಗೆ ಕೊಟ್ಟಿತ್ತು. ಶಾಲೆಯೂ ಮನೆಗಳೂ ಎದ್ದವು. 1978ರಲ್ಲಿ ಜನರನ್ನು ಅಲ್ಲಿಂದ ಎಬ್ಬಿಸಬೇಕಾಯಿತು.

ನಮ್ಮ ದೇಶಕ್ಕೆ ಎಚ್ಚರಿಕೆ ಬಂದದ್ದು ಭೋಪಾಲದಿಂದ. 1984ರ ಡಿಸೆಂಬರ್ 2ರ ರಾತ್ರಿಯ ಅನಿಲ ಸೋರಿಕೆಯ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. ಅದರಡಿ 1989ರ ಜುಲೈ 28ರಂದು ದೇಶದ ಮೊದಲ ಅಪಾಯಕಾರಿ ತ್ಯಾಜ್ಯ ನಿಯಮಾವಳಿ ಪ್ರಕಟವಾಯಿತು. ತ್ಯಾಜ್ಯವನ್ನು 18 ವರ್ಗ ಮಾಡಿ, ಯಾವುದು ಎಷ್ಟಾದರೆ ನಿಯಮಕ್ಕೆ ಒಳಪಡುತ್ತದೆ ಎಂದು ಗೊತ್ತುಮಾಡಿದ್ದರು. ಸೈನೈಡಿಗೆ ವರ್ಷಕ್ಕೆ ಒಂದು ಕಿಲೋ ಸಾಕಾಗಿತ್ತು. ಕಾರ್ಖಾನೆಯವರು ಮಂಡಳಿಯಿಂದ ಜಲ, ವಾಯು ಸಮ್ಮತಿಗಳಲ್ಲದೆ ತ್ಯಾಜ್ಯ ನಿರ್ವಹಣೆಯ ಪ್ರತ್ಯೇಕ ಅಧಿಕಾರಪತ್ರ ಪಡೆಯಬೇಕಾಯಿತು. ತ್ಯಾಜ್ಯವನ್ನು ವಿಲೇವಾರಿ ಮಾಡಲು ಯೋಗ್ಯ ಜಾಗ ಹುಡುಕುವ ಹೊಣೆಯನ್ನು ನಿಯಮ ರಾಜ್ಯಗಳ ಹೆಗಲಿಗೆ ಹಾಕಿತ್ತು.

ಅಲ್ಲಿಯೇ ಬಂಡಿ ಹೂತುಕೊಂಡಿತು. ‘ಸುರಕ್ಷಿತ ಜಾಗಕ್ಕೆ ಒಯ್ಯಿರಿ’ ಎನ್ನುವ ನಿಯಮವಿತ್ತು, ಸುರಕ್ಷಿತ ಜಾಗವಿರಲಿಲ್ಲ. ಜರ್ಮನಿಯ ತಾಂತ್ರಿಕ ನೆರವಿನ ಸಂಸ್ಥೆ ಜಿಟಿಜೆಡ್ ಜೊತೆ ಸೇರಿ ನಮ್ಮ ಮಂಡಳಿ ‘ಹಾವಾ’ ಎಂಬ ಯೋಜನೆ ನಡೆಸಿತು. ಅತ್ತ ಸುಪ್ರೀಂ ಕೋರ್ಟಿನಲ್ಲಿ 1995ರಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದು ದಾಖಲಾಗಿ, ವಿಜ್ಞಾನಿ ಎಂ.ಜಿ.ಕೆ. ಮೆನನ್ ನೇತೃತ್ವದ ಉನ್ನತಾಧಿಕಾರ ಸಮಿತಿ ನೇಮಕವಾಯಿತು. ಅದರ ವರದಿ ಆಧರಿಸಿ ಕೋರ್ಟು 2003ರ ಅಕ್ಟೋಬರ್ 14ರಂದು ಕಟ್ಟುನಿಟ್ಟಿನ ಆದೇಶಗಳನ್ನು ಕೊಟ್ಟಿತು. ಇಷ್ಟೆಲ್ಲ ಆಗಿ ಬೆಂಗಳೂರಿನ ಕೈಗಾರಿಕೆಗಳಿಗೆ ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ ಸಾಮಾನ್ಯ ವಿಲೇವಾರಿ ಕೇಂದ್ರ ಕೆಲಸ ಆರಂಭಿಸಿದಾಗ 2008 ಬಂದಿತ್ತು. ನಿಯಮಕ್ಕೂ ಜಾಗಕ್ಕೂ ನಡುವೆ 19 ವರ್ಷ! ಆ ಅವಧಿಯಲ್ಲಿ ಪ್ರಾಮಾಣಿಕ ಕಾರ್ಖಾನೆ ಕೆಸರನ್ನು ಚೀಲದಲ್ಲಿ ತುಂಬಿ ತನ್ನ ಆವರಣದಲ್ಲೇ ಪೇರಿಸಿಡಬೇಕಿತ್ತು. ಉಳಿದವರು ಏನು ಮಾಡಿರಬಹುದೆಂದು ಊಹಿಸಲು ಪತ್ತೇದಾರರು ಬೇಕಿಲ್ಲ.

ದಾಬಸ್‌ಪೇಟೆಯಂಥ ಕೇಂದ್ರದಲ್ಲಿ ಏನು ನಡೆಯುತ್ತದೆ? ಬಂದ ತ್ಯಾಜ್ಯದ ಮಾದರಿಯನ್ನು ಮೊದಲು ಪರೀಕ್ಷಿಸುತ್ತಾರೆ. ಲೋಹದ ಕೆಸರಾದರೆ ಸಿಮೆಂಟು, ಸುಣ್ಣ, ಹಾರುಬೂದಿ ಬೆರೆಸಿ ಗಟ್ಟಿ ಮಾಡುತ್ತಾರೆ, ನೀರು ತಾಗಿದರೂ ಲೋಹ ಕರಗಿ ಬರಬಾರದು. ಜೇಡಿಮಣ್ಣು ಮತ್ತು ದಪ್ಪ ಪ್ಲಾಸ್ಟಿಕ್ ಹಾಳೆಗಳ ಹಾಸು ಇರುವ ಹೊಂಡದಲ್ಲಿ ಹೂಳುತ್ತಾರೆ. ಸೋರಿದ ರಸವನ್ನು ಕೊಳವೆಗಳಲ್ಲಿ ಹಿಡಿಯುತ್ತಾರೆ. ಸುಡಬೇಕಾದ್ದನ್ನು 1,100 ಡಿಗ್ರಿ ಶಾಖದ ಕುಲುಮೆಯಲ್ಲಿ ಸುಡುವುದು ಕ್ರಮ. ಹೊಂಡ ತುಂಬಿ ಮುಚ್ಚಿದ ಮೇಲೂ 30 ವರ್ಷ ಅಂತರ್ಜಲದ ಮೇಲೆ ನಿಗಾ ಇಡಬೇಕು. ನಗರದ ಹೊಳಪಿನ ಲೆಕ್ಕವನ್ನು ನೆಲಮಂಗಲದ ಕಡೆಯ ನೆಲ ಅಷ್ಟು ಕಾಲ ಹೊರಬೇಕೆಂದಾಯಿತು. ಈ ವಿಷಯಕ್ಕೆ ಬೆಂಗಳೂರಿನ ಹರಟೆಗಳಲ್ಲಿ ಜಾಗ ಸಿಕ್ಕಿದ್ದು ಕಡಿಮೆ.

ಕಾರ್ಖಾನೆಯ ಗೇಟಿನಿಂದ ಆ ಹೊಂಡದವರೆಗಿನ ದಾರಿಗೆ ಕಾವಲು ಒಂದು ಕಾಗದ. ಅದನ್ನು ‘ಮ್ಯಾನಿಫೆಸ್ಟ್’ ಎನ್ನುತ್ತಾರೆ, ರಹದಾರಿ ಎಂದರೂ ಸಲ್ಲುತ್ತದೆ. 2016ರ ನಿಯಮಾವಳಿಯ ಪ್ರಕಾರ ಅದಕ್ಕೆ ಏಳು ಪ್ರತಿ, ಏಳು ಬಣ್ಣ. ಬಿಳಿ ಪ್ರತಿ ಲಾರಿ ಹೊರಡುವಾಗಲೇ ಮಂಡಳಿಗೆ. ಹಳದಿ, ಚಾಲಕನ ಕಡೆಯ ಸಹಿಯೊಂದಿಗೆ ಕಾರ್ಖಾನೆಯಲ್ಲೇ. ಗುಲಾಬಿ ಪ್ರತಿ ತ್ಯಾಜ್ಯ ಪಡೆದವರಿಗೆ, ಕಿತ್ತಳೆ ಲಾರಿಯವರಿಗೆ. ಹಸಿರು ಪ್ರತಿಯನ್ನು ತ್ಯಾಜ್ಯ ಪಡೆದವರು ಮಂಡಳಿಗೆ ಕಳಿಸಬೇಕು, ನೀಲಿಯನ್ನು ಕಾರ್ಖಾನೆಗೆ ಮರಳಿಸಬೇಕು. ಬೂದು ಬಣ್ಣದ್ದು ತ್ಯಾಜ್ಯ ಬೇರೆ ರಾಜ್ಯದಿಂದ ಬಂದಾಗ ಆ ರಾಜ್ಯದ ಮಂಡಳಿಗೆ. ಯುಕ್ತಿ ಸರಳವಾದದ್ದು. ಬಿಳಿ ಚೀಟಿ ಬಂದು ಹಸಿರು ಚೀಟಿ ಬಾರದಿದ್ದರೆ ನಡುದಾರಿಯಲ್ಲಿ ಲಾರಿ ಎಲ್ಲೋ ಖಾಲಿಯಾಗಿದೆ ಎಂದರ್ಥ. ಆದರೆ ಎರಡೂ ಚೀಟಿಗಳನ್ನು ಪಕ್ಕದಲ್ಲಿಟ್ಟು ನೋಡುವ ಒಬ್ಬ ಮನುಷ್ಯ ಬೇಕು. ಚೀಟಿಯೇ ಹುಟ್ಟದ ತ್ಯಾಜ್ಯವನ್ನು ಈ ಯುಕ್ತಿಯೂ ಹಿಡಿಯಲಾರದು.

ಬೊಮ್ಮನಹಳ್ಳಿಯಂಥ ಊರಿನ ಸಂಕಟ ಅದೇ. ಇಲ್ಲಿ ದೊಡ್ಡ ಕಾಂಪೌಂಡಿನ ಕಾರ್ಖಾನೆಗಳಷ್ಟೇ ಇಲ್ಲ. ಕೆಳಗೆ ಲೇತು, ಮೇಲೆ ಬಾಡಿಗೆ ಸಂಸಾರ, ಎದುರಿಗೆ ಗಾರ್ಮೆಂಟ್ಸ್ ಎನ್ನುವ ರೀತಿಯ ಊರು. ನಗರಸಭೆಯಾಗಿದ್ದ ಬೊಮ್ಮನಹಳ್ಳಿ 2007ರಲ್ಲಿ ಬಿಬಿಎಂಪಿಯಲ್ಲಿ ವಿಲೀನವಾಯಿತು. 2025ರಲ್ಲಿ ಬಿಬಿಎಂಪಿಯೇ ಐದು ಪಾಲಿಕೆಗಳಾಗಿ ಒಡೆಯಿತು. ಉದ್ಯಮ ಲೈಸೆನ್ಸು ಕೊಡುವ ಕೈ ಹೀಗೆ ಬದಲಾಗುತ್ತ ಹೋದರೆ, ಸಮ್ಮತಿ ಮತ್ತು ಅಧಿಕಾರಪತ್ರ ಕೊಡುವುದು ಮಾಲಿನ್ಯ ಮಂಡಳಿ. ಅದಕ್ಕೆ ಬೊಮ್ಮನಹಳ್ಳಿಯ ಹೆಸರಿನ ಪ್ರಾದೇಶಿಕ ಕಚೇರಿಯೂ ಇದೆ. ಎರಡು ಲೇತಿನ ಯಜಮಾನನಿಗೆ ತಿಂಗಳಿಗೆ ಅರ್ಧ ಡಬ್ಬ ಹಳೆ ಎಣ್ಣೆ ಬಂದರೆ ಅದನ್ನು ಅಧಿಕೃತ ಮರುಸಂಸ್ಕರಣೆಗೆ ಕೊಡುವುದು ಖರ್ಚಿನ ಬಾಬತ್ತು. ಗುಜರಿಯವನೋ ಎದುರು ದುಡ್ಡು ಕೊಟ್ಟು ಒಯ್ಯುತ್ತಾನೆ. ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು, ವರ್ಷಕ್ಕೆ ಹತ್ತು ಟನ್ನಿನೊಳಗಿನ ಸಣ್ಣವರಿಗೆ ಮಂಡಳಿ 180 ದಿನ ಕೊಡಬಹುದು ಎಂಬ ರಿಯಾಯಿತಿ ಇದೆ. ಆ ರಿಯಾಯಿತಿಗಿಂತ ಸಣ್ಣವರ ಬಾಗಿಲಿಗೇ ಬಂದು ಒಟ್ಟುಗೂಡಿಸುವ ಏರ್ಪಾಟು ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು ಎಂಬುದು ಈ ಲೇಖಕನ ಅನಿಸಿಕೆ.

ಕಂಪ್ಯೂಟರ್ ಕಸಕ್ಕೆ ಬೇರೆಯೇ ದಾರಿಯಾಯಿತು. ದಾಬಸ್‌ಪೇಟೆಯಲ್ಲೇ 2005ರಲ್ಲಿ ಇ-ಪರಿಸರ ಎಂಬ ಘಟಕ, ದೇಶದಲ್ಲಿ ಸರ್ಕಾರದ ಅಧಿಕಾರಪತ್ರ ಪಡೆದ ಮೊದಲ ಇ-ತ್ಯಾಜ್ಯ ಘಟಕವಾಗಿ ಕೆಲಸ ಶುರುಮಾಡಿತು. ಪ್ರತ್ಯೇಕ ನಿಯಮ ರೂಪುಗೊಂಡದ್ದು 2011ರಲ್ಲಿ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ಭೋಪಾಲವನ್ನೇ ನೋಡಬೇಕು. ಯೂನಿಯನ್ ಕಾರ್ಬೈಡ್ ಆವರಣದಲ್ಲಿ ಉಳಿದಿದ್ದ 337 ಟನ್ ತ್ಯಾಜ್ಯ ಅಲ್ಲಿಂದ ಕದಲಿದ್ದು 2025ರ ಜನವರಿಯಲ್ಲಿ, ದುರಂತದ ನಲವತ್ತು ವರ್ಷದ ನಂತರ. ಅದು ತಲುಪಿದ ಪೀಥಂಪುರದಲ್ಲಿ ಜನ ಬೀದಿಗಿಳಿದರು. ಸುಟ್ಟದ್ದಾಯಿತು, ಉಳಿದ ಬೂದಿಯನ್ನು ಎಲ್ಲಿ ಹೂಳಬೇಕೆಂಬ ವಾದ ಹೈಕೋರ್ಟಿನ ಮುಂದೆ ಬಂತು. ಹಿಂದೆ ಸುರಿದು ಹೋದ ಜಾಗಗಳನ್ನು ಗುರುತಿಸಿ ಶುದ್ಧಮಾಡುವ ನಿಯಮಾವಳಿಯೂ ಕೇಂದ್ರದಿಂದ ಪ್ರಕಟವಾದದ್ದು ಅದೇ 2025ರಲ್ಲಿ.

2003ರ ಸುಪ್ರೀಂ ಕೋರ್ಟ್ ಆದೇಶಗಳಲ್ಲಿ ಸಾಮಾನ್ಯ ನಾಗರಿಕನಿಗೆ ನೇರವಾಗಿ ಸಂಬಂಧಿಸಿದ್ದು ಒಂದಿದೆ. ಅಪಾಯಕಾರಿ ರಾಸಾಯನಿಕ ಬಳಸುವ ಕಾರ್ಖಾನೆಗಳು ತಮ್ಮಲ್ಲಿರುವ ರಾಸಾಯನಿಕಗಳು, ಹೊರಬೀಳುವ ನೀರು, ಗಾಳಿ ಮತ್ತು ತ್ಯಾಜ್ಯದ ವಿವರವನ್ನು ಮುಖ್ಯ ಗೇಟಿನ ಹೊರಗೆ ಫಲಕದಲ್ಲಿ ಬರೆದು ಹಾಕಬೇಕು. ಹೊಸೂರು ರಸ್ತೆಯಲ್ಲೋ ಪೀಣ್ಯದಲ್ಲೋ ಬಸ್ಸಿಗೆ ಕಾಯುವಾಗ ಇಂಥ ಫಲಕವಿದೆಯೇ, ಅದರ ಮೇಲಿನ ಅಂಕಿ ಯಾವ ವರ್ಷದ್ದು ಎಂದು ಯಾರು ಬೇಕಾದರೂ ನೋಡಬಹುದು. ಇದಲ್ಲದೆ ಪ್ರತಿಯೊಂದು ಘಟಕವೂ ಹಿಂದಿನ ವರ್ಷದ ತ್ಯಾಜ್ಯದ ಲೆಕ್ಕವನ್ನು ಜೂನ್ 30ರೊಳಗೆ ನಾಲ್ಕನೆಯ ನಮೂನೆಯಲ್ಲಿ ಮಂಡಳಿಗೆ ಒಪ್ಪಿಸಬೇಕು. ಮಂಡಳಿ ಅದನ್ನೆಲ್ಲ ಕ್ರೋಡೀಕರಿಸಿ ಸೆಪ್ಟೆಂಬರ್ 30ರೊಳಗೆ ದೆಹಲಿಯ ಕೇಂದ್ರ ಮಂಡಳಿಗೆ ಕಳಿಸಬೇಕು.