ಗೋಧಿಮೂಟೆಯ ಮೇಲಿನ ಎರಡು ಕೈಗಳು

ಅಮೆರಿಕದ ವಿದೇಶಾಂಗ ನೀತಿ ಎಂಬ ತಲೆಬರಹ ಕಂಡ ಕೂಡಲೇ ಪತ್ರಿಕೆಯ ಆ ಪುಟವನ್ನು ಮಗುಚಿಹಾಕುವವರೇ ನಮ್ಮಲ್ಲಿ ಹೆಚ್ಚು. ಯುದ್ಧ, ಬಾಂಬು, ಒಪ್ಪಂದಗಳೆಲ್ಲ ಗಂಡಸರ ಜಗಲಿಯ ಮಾತು, ನಮಗೇಕೆ ಎಂಬ ಉದಾಸೀನ. ಆದರೆ ಅದೇ ನೀತಿ ಒಂದು ಕಾಲದಲ್ಲಿ ನಮ್ಮ ಅಡುಗೆಮನೆಯವರೆಗೂ ನಡೆದು ಬಂದಿತ್ತು. ಬಂದದ್ದು ಗೋಧಿಯ ಮೂಟೆಯಾಗಿ.

ಅದರ ಬೇರು ಹುಡುಕಿಕೊಂಡು ಹೋದರೆ 1946ಕ್ಕೆ ಮುಟ್ಟುತ್ತೇವೆ. ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಲ್ಲಿದ್ದ ಜಾರ್ಜ್ ಕೆನನ್ ಎಂಬ ಅಧಿಕಾರಿ ಆ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿಗೆ ಬಲು ಉದ್ದದ ತಂತಿಯೊಂದನ್ನು ಕಳಿಸಿದರು. ಮರುವರ್ಷ 'ಎಕ್ಸ್' ಎಂಬ ಗುಪ್ತನಾಮದಲ್ಲಿ ಲೇಖನವನ್ನೂ ಬರೆದರು. ಅವರ ಮಾತಿನ ತಿರುಳು ಇಷ್ಟು: ಸೋವಿಯತ್ ರಷ್ಯದೊಡನೆ ಯುದ್ಧವೂ ಬೇಡ, ಅದಕ್ಕೆ ಮಣಿಯುವುದೂ ಬೇಡ. ಅದು ಹಬ್ಬಲು ಹೊರಟ ಕಡೆಯಲ್ಲೆಲ್ಲ ತಾಳ್ಮೆಯಿಂದ ತಡೆಯುತ್ತ ಬಂದರೆ, ಒಂದು ದಿನ ತನ್ನೊಳಗಿನ ಬಿರುಕುಗಳಿಂದಲೇ ಸಡಿಲವಾಗುತ್ತದೆ.

ತಡೆಯುವುದು ಹೇಗೆ? ಹಸಿವಿದ್ದಲ್ಲಿ ಕಮ್ಯುನಿಸಂ ಬೇರೂರುತ್ತದೆ ಎಂಬುದು ಅಂದಿನ ವಾಷಿಂಗ್ಟನ್ನಿನ ನಂಬಿಕೆ. ಆದ್ದರಿಂದ 1948ರಿಂದ ನಾಲ್ಕು ವರ್ಷ ಮಾರ್ಷಲ್ ಯೋಜನೆಯ ಹೆಸರಲ್ಲಿ ಸುಮಾರು 1,300 ಕೋಟಿ ಡಾಲರ್ ಪಶ್ಚಿಮ ಯುರೋಪಿಗೆ ಹರಿಯಿತು. ನಮ್ಮ ಪಾಲಿಗೆ ಬಂದದ್ದು ಸ್ವಲ್ಪ ಬೇರೆ ಅನುಭವ. 1950ರ ಕೊನೆಯಲ್ಲಿ ನೆಹರೂ ಸರ್ಕಾರ 20 ಲಕ್ಷ ಟನ್ ಧಾನ್ಯ ಕೇಳಿದಾಗ, ಕೊರಿಯಾ ಯುದ್ಧದಲ್ಲಿ ಭಾರತ ತಮ್ಮ ಪರ ನಿಲ್ಲಲಿಲ್ಲವೆಂದು ಅಮೆರಿಕದ ಸಂಸತ್ತಿನಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಕೊನೆಗೆ 1951ರ ಜೂನ್‌ನಲ್ಲಿ ಕೊಟ್ಟದ್ದು ದಾನವಾಗಿಯಲ್ಲ, 19 ಕೋಟಿ ಡಾಲರಿನ ಸಾಲವಾಗಿ.

1954ರಲ್ಲಿ ಬಂತು ಪಿ.ಎಲ್. 480 ಎಂಬ ಕಾನೂನು. ಅಮೆರಿಕದ ರೈತರ ಕಣಜಗಳು ಆಗ ತುಂಬಿ ತುಳುಕುತ್ತಿದ್ದವು. ಮಿಕ್ಕಿದ್ದನ್ನು ಬಡ ದೇಶಗಳಿಗೆ ಕೊಟ್ಟರೆ ತಮ್ಮ ರೈತನೂ ಉಳಿದಾನು, ಹೊಸ ಮಾರುಕಟ್ಟೆಯೂ ಸಿಕ್ಕೀತು, ಗೆಳೆತನವೂ ಬೆಳೆದೀತು. ಒಂದೇ ಕಲ್ಲಿಗೆ ಮೂರು ಹಕ್ಕಿ! ನಾವು ಡಾಲರ್ ಬದಲು ರೂಪಾಯಿಯಲ್ಲೇ ಬೆಲೆ ಕೊಡಬಹುದಿತ್ತು.

ಅದೇ ಕಾನೂನಿನ ಇನ್ನೊಂದು ಕವಲಿನಲ್ಲಿ ಕೇರ್ ಸಂಸ್ಥೆಯ ಮೂಲಕ ಶಾಲೆಗಳಿಗೆ ಆಹಾರ ಬರುತ್ತಿತ್ತು. ನನ್ನ ವಯಸ್ಸಿನವರಿಗೆ ಗೋಧಿನುಚ್ಚಿನ ಉಪ್ಪಿಟ್ಟು, ಪುಡಿ ಕಲಸಿದ ಹಾಲು ನೆನಪಿರಲೇಬೇಕು. ಮಧ್ಯಾಹ್ನದ ಗಂಟೆಗೆ ಕಾಯುತ್ತ ನಾವು ಲೆಕ್ಕ ತಪ್ಪು ಮಾಡುತ್ತಿದ್ದೆವು. ಮೂಟೆಗಳ ಮೇಲೆ ಒಂದನ್ನೊಂದು ಹಿಡಿದುಕೊಂಡ ಎರಡು ಕೈಗಳ ಚಿತ್ರ. ಖಾಲಿ ಚೀಲಗಳನ್ನು ಒಗೆದು ಅಮ್ಮಂದಿರು ಕೈಚೀಲ ಹೊಲಿಯುತ್ತಿದ್ದರು. ಎಷ್ಟು ಒಗೆದರೂ ಆ ಕೈಗಳು ಮಾಸುತ್ತಿರಲಿಲ್ಲ.

ಆ ಕೈಗಳ ಹಿಡಿತ ಎಷ್ಟು ಬಿಗಿಯೆಂದು ದೇಶಕ್ಕೆ ತಿಳಿದದ್ದು 1965-66ರ ಬರಗಾಲದಲ್ಲಿ. ಅಧ್ಯಕ್ಷ ಜಾನ್ಸನ್ ದೀರ್ಘಾವಧಿಯ ಒಪ್ಪಂದಕ್ಕೆ ಒಪ್ಪದೆ, ಒಂದೆರಡು ತಿಂಗಳಿಗೆ ಸಾಲುವಷ್ಟು ಗೋಧಿಯನ್ನು ಮಾತ್ರ ಬಿಡುತ್ತಿದ್ದರು. ಭಾರತ ತನ್ನ ಬೇಸಾಯಕ್ಕೆ ಹೆಚ್ಚು ಹಣ ಹಾಕಲಿ ಎಂಬುದು ಒಂದು ಕಾರಣ. ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ನಾವು ಟೀಕಿಸುತ್ತಿದ್ದೆವೆಂಬುದು ಇನ್ನೊಂದು. ಇತ್ತ ಶಾಸ್ತ್ರಿಯವರ ಮಾತಿಗೆ ಓಗೊಟ್ಟು ಎಷ್ಟೋ ಮನೆಗಳಲ್ಲಿ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ. ತಾಳ್ಮೆಯ ಪಾಠ ಹೇಳಿದ್ದ ಕೆನನ್ ಕೂಡ 1966ರ ಫೆಬ್ರವರಿಯಲ್ಲಿ ಸೆನೆಟ್ ಸಮಿತಿಯ ಮುಂದೆ ಕುಳಿತು, ವಿಯೆಟ್ನಾಂ ಯುದ್ಧ ಅಮೆರಿಕಕ್ಕೆ ತಕ್ಕದ್ದಲ್ಲ ಎಂದು ವಾದಿಸಿದರು. ಅವರ ವಿಚಾರ ಅವರ ಕೈಮೀರಿ ಬೆಳೆದಿತ್ತು.

ಆ ಅವಮಾನ ನಮಗೆ ಒಳ್ಳೆಯದನ್ನೇ ಮಾಡಿತು. ಕೃಷಿ ಮಂತ್ರಿ ಸಿ. ಸುಬ್ರಹ್ಮಣ್ಯಂ 1966ರಲ್ಲಿ 18,000 ಟನ್ ಮೆಕ್ಸಿಕನ್ ಗೋಧಿಬೀಜ ತರಿಸಿದರು. ಕೆಲವೇ ವರ್ಷಗಳಲ್ಲಿ ಹಡಗಿನ ದಾರಿ ಕಾಯುವುದು ತಪ್ಪುತ್ತ ಬಂತು. ಇಲ್ಲಿ ರಾಶಿಬಿದ್ದ ಅಮೆರಿಕದ ರೂಪಾಯಿಯದೂ ಒಂದು ಸ್ವಾರಸ್ಯದ ಕಥೆ. 1962ರಿಂದ ಅದರಲ್ಲೊಂದಿಷ್ಟು ಹಣದಿಂದ ಅಲ್ಲಿನ ಗ್ರಂಥಾಲಯಗಳಿಗೆ ಭಾರತೀಯ ಭಾಷೆಗಳ ಪುಸ್ತಕ ಕೊಂಡರು, ಕನ್ನಡದವನ್ನೂ. ನಾವು ಅವರ ಗೋಧಿ ತಿಂದೆವು. ಅವರ ಕಪಾಟಿನಲ್ಲಿ ನಮ್ಮ ಕಾದಂಬರಿಗಳು ಹೋಗಿ ಕುಳಿತವು!

"ಕೊಟ್ಟವರ ಮನಸ್ಸಿನಲ್ಲಿ ಏನಿದ್ದರೇನಮ್ಮ, ಮಕ್ಕಳ ಹೊಟ್ಟೆ ತುಂಬಿತಲ್ಲ" ಎನ್ನುತ್ತಿದ್ದರು ನಮ್ಮತ್ತೆ. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಹಸಿದ ಮಗುವಿಗೆ ಶೀತಲ ಸಮರ ಗೊತ್ತಿಲ್ಲ. ಆದರೆ ಆ ತುತ್ತಿನ ಮೇಲೆ ಒಂದು ದೇಶದ ನಾಲಗೆಯನ್ನು ಕಟ್ಟುವ ಆಸೆಯೂ ಇತ್ತೆಂಬುದನ್ನು ಹೇಗೆ ಮರೆಯಲಿ? ಎರಡೂ ನಿಜ. ಸಾಲ ಕೊಟ್ಟ ನೆಂಟರ ಮನೆಗೆ ಹೋಗಿಬಂದ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ನೆರವನ್ನು ಹಂಚಲೆಂದೇ 1961ರಲ್ಲಿ ಕೆನಡಿ ಕಾಲದಲ್ಲಿ ಹುಟ್ಟಿದ ಯುಎಸ್‌ಎಐಡಿ ಸಂಸ್ಥೆ 2025ರ ಜುಲೈ 1ಕ್ಕೆ ತನ್ನ ಕೆಲಸ ನಿಲ್ಲಿಸಿತು. ಅಮೆರಿಕಕ್ಕೆ ಅದರಿಂದ ಲಾಭವೋ ನಷ್ಟವೋ, ಪಂಡಿತರು ಲೆಕ್ಕ ಹಾಕಲಿ. ಆ ಸುದ್ದಿ ಓದಿದಾಗ ನನ್ನ ಮನಸ್ಸು ಹೋದದ್ದು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುವ ಯಾವುದೋ ದೇಶದ ಮಕ್ಕಳ ಕಡೆಗೆ. ನಮಗಾದರೆ ಬೀಜ ತರಿಸುವ ಮಂತ್ರಿಯಿದ್ದರು, ಬಿತ್ತಲು ನೆಲವಿತ್ತು.